ಸರಿಹೋಗಬಾರದ ಸ್ಕ್ರಿಪ್ಟ್

"ಮತ್ತೆ ಸ್ಪೇಸ್ ಕೊಟ್ಟಿದೀರಲ್ರೀ!" ಶಶಿರೇಖಾ ಹಣೆ ಚಚ್ಚಿಕೊಂಡಳು.

ಶಿರಾದ ಆ ಫೋಟೋ ಸ್ಟುಡಿಯೋದ ಹಳೇ ಕಂಪ್ಯೂಟರಿನಲ್ಲಿ, ಅಂಥ ಫೋಲ್ಡರೇ ಇಲ್ಲ ಅಂತ ಅದನ್ನು ನಡೆಸುವ ಲಿನಕ್ಸ್ ಸಾಲುಸಾಲಾಗಿ ದೂರುತ್ತಿತ್ತು. ಕ್ಯಾಮೆರಾ ಬ್ಯಾಗು ಕೆಳಗಿಟ್ಟ ನರಸಿಂಹರಾಜು ಕಳ್ಳಬೆಕ್ಕಿನ ಹಾಗೆ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಮದುವೆಮನೆಯಲ್ಲಿ ನಿದ್ದೆಗೆಟ್ಟು ಅವನ ಕಣ್ಣು ಕೆಂಪಗಾಗಿತ್ತು.

"ಫೋಟೋ ಫೋಲ್ಡರಿಗೆ ಮಿಡಿಗೇಶಿ ಮದುವೆ ಅಂತ ಹೆಸರು ಬರ್ದೆ. ಮದುವೆ ಮಿಡಿಗೇಶಿದೇ ತಾನೆ?"

"ಬಿಡಿಸಿ ಬರೆದ್ರೆ ಈ ಸ್ಕ್ರಿಪ್ಟು ಮಿಡಿಗೇಶಿ ಅನ್ನೋದೊಂದು ಫೋಲ್ಡರು, ಮದುವೆ ಅನ್ನೋದೊಂದು ಫೋಲ್ಡರು ಅಂತ ಹುಡುಕುತ್ತೆ. ಎರಡೂ ಸಿಗಲ್ಲ. ಎಷ್ಟು ಸಲ ಹೇಳ್ಲಿ?"

"ಹೇಳ್ತಾ ಇರಿ, ನಂಗೇನು ಬ್ಯಾಸ್ರ ಇಲ್ಲ."

ಅವಳು ತಿರುಗಿ ದುರುಗುಟ್ಟಿದಳು. ಅವನು ಫ್ಯಾನಿನ ಕಡೆ ನೋಡಿದ. ಮೀಸೆಯಡಿ ನಗು ಮಾತ್ರ ನಿಲ್ಲಲಿಲ್ಲ.

ಆ ಸ್ಕ್ರಿಪ್ಟು ಅವಳೇ ಬರೆದದ್ದು. ಕ್ಯಾಮೆರಾ ಕಾರ್ಡಿನ ಫೋಟೋಗಳನ್ನೆಲ್ಲ ತಾನಾಗಿ ನಕಲು ಮಾಡಿ ಆಲ್ಬಮ್ಮಿಗೆ ಜೋಡಿಸಿಡು ಅಂತ ಕಂಪ್ಯೂಟರಿಗೆ ಹೇಳುವ ಕೆಲವೇ ಸಾಲು. ಕಂಡವರ ಮದುವೆ ನೋಡೀ ನೋಡೀ ಅವಳಿಗೆ ಅರಿಶಿನ ಕಂಡರೂ ಆಕಳಿಕೆ ಬರುತ್ತಿತ್ತು. ತನ್ನನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಹೋದ ಗಂಡುಗಳ ಲೆಕ್ಕವನ್ನು ಅವಳಮ್ಮನೇ ಬಿಟ್ಟಿದ್ದಳು. ಈ ಬೇಸರದ ನಡುವೆ ಅವಳು ಕಾಯುತ್ತಿದ್ದದ್ದು ಒಂದಕ್ಕೇ. ರಾಜು ಬಸ್ ಕಂಡಕ್ಟರ್ ಕೈಲಿ ಕಾರ್ಡು ಕಳಿಸುತ್ತಿದ್ದ, ಸ್ಕ್ರಿಪ್ಟು ನಿಂತುಹೋಗುತ್ತಿತ್ತು, "ನೀವೇ ಬಂದು ನೋಡಿ" ಅಂತ ಅವಳು ಫೋನು ಮಾಡುತ್ತಿದ್ದಳು, ಅವನು ಬರುತ್ತಿದ್ದ.

ಇದು ಮಾಲೀಕ ಶಂಕರಲಿಂಗಪ್ಪನ ಕಣ್ಣಿಗೂ ಬಿದ್ದಿತ್ತು. ಕ್ಯಾರಿಯರ್ ಹಿಡಿದು ಊಟಕ್ಕೆ ಹೊರಟವನು ಬಾಗಿಲಲ್ಲಿ ನಿಂತ.

"ಲೇ ರಾಜು, ಕಾರ್ಡು ಬಂದ್ಮೇಲೂ ನೀನ್ಯಾಕ್ಲಾ ಬರ್ತೀಯ? ಶಶಿ, ಯಾರೂ ಮುಟ್ಟದೆ ಓಡಂಗೆ ಇವತ್ತೇ ಅದನ್ನ ಸರಿ ಮಾಡ್ಬುಡಮ್ಮ. ಪಾವಗಡದಲ್ಲಿ ಹೊಸ ಬ್ರಾಂಚು ತೆಗೀತಿದೀನಿ. ಈ ಸ್ಕ್ರಿಪ್ಟು ಸರಿಯಾದ್ರೆ ಸೋಮವಾರದಿಂದ ಇವನು ಅಲ್ಲೇ ಇರ್ತಾನೆ, ಅಲ್ಲಿಂದ್ಲೇ ಫೋಟೋ ಕಳಿಸ್ತಾನೆ."

ಶಂಕರಲಿಂಗಪ್ಪ ಹೋದ ಮೇಲೆ ಶಶಿರೇಖಾ ಪರದೆಯ ಕಡೆ ತಿರುಗಿದಳು.

"ಸರಿಹೋಗುತ್ತಾ?" ರಾಜು ಮೆಲ್ಲಗೆ ಕೇಳಿದ.

"ಯಾಕೆ, ಹೋಗಬಾರದಾ?"

ಅವನು ಬ್ಯಾಗಿನ ಜಿಪ್ಪು ಎಳೆದ, ಮತ್ತೆ ಬಿಟ್ಟ. "ಸ್ಪೇಸ್ ಕೊಡಬ್ಯಾಡಿ ಅಂದ್ರಲ್ಲ, ನಂಗದು ಮೊದಲನೇ ಸಲಾನೇ ಅರ್ಥ ಆಗಿತ್ತು."

"ಮತ್ತೆ?"

"ಸ್ಪೇಸ್ ಇಲ್ದಿದ್ರೆ ನೀವು ಫೋನೇ ಮಾಡ್ತಿರ್ಲಿಲ್ವಲ್ಲ."

ಅಯ್ಯೋ ದೇವರೇ, ಅಂದುಕೊಂಡಳು. ನಗುವೂ ಬಂತು, ಅಳುವೂ ಬಂತು. ಸ್ಕ್ರಿಪ್ಟು ತೆರೆದಳು. ಫೋಲ್ಡರಿನ ಹೆಸರು ಬರುವ ಜಾಗದ ಆ ಕಡೆ ಒಂದು, ಈ ಕಡೆ ಒಂದು ಕೋಟ್ ಗುರುತು ಹಾಕಿದಳು. ಇನ್ನು ನಡುವೆ ಎಷ್ಟು ಸ್ಪೇಸ್ ಇದ್ದರೂ ಲಿನಕ್ಸ್ ಅದನ್ನು ಒಂದೇ ಹೆಸರು ಅಂತ ಓದುತ್ತದೆ. ಎಂಟರ್ ಒತ್ತಿದಳು. ಮಿಡಿಗೇಶಿಯ ಮದುಮಗಳು, ಧಾರೆ, ಊಟದ ಪಂಕ್ತಿ, ಎಲ್ಲವೂ ಒಂದೊಂದಾಗಿ ಬಂದು ಕೂತವು.

ರಾಜುವಿನ ಮುಖ ಇಳಿದುಹೋಯಿತು. "ಇಷ್ಟೇನಾ?"

"ಇಷ್ಟೇ. ನಂಗೂ ಮೊದಲಿಂದ್ಲೇ ಗೊತ್ತಿತ್ತು."

"ಗೊತ್ತಿದ್ದೂ ಅಂಗೇ ಬುಟ್ಟಿದ್ರಾ?"

"ಸರಿ ಮಾಡಿದ್ರೆ ನೀವು ಬರ್ತಿರ್ಲಿಲ್ವಲ್ಲ."

ಅವನು ತಲೆ ಕೆರೆದುಕೊಂಡ. "ಮತ್ತೀಗ್ಯಾಕೆ ಸರಿ ಮಾಡ್ಬುಟ್ರಿ?"

"ಸಾಕಾಯ್ತು ಕಣ್ರೀ." ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ನೆಪ ಹುಡುಕೀ ಹುಡುಕೀ ಸುಸ್ತಾಗಿದೀನಿ. ನೀವಂದ್ರೆ ನಂಗಿಷ್ಟ. ಬರೋದಾದ್ರೆ ಇನ್ಮೇಲೆ ನೆಪ ಇಲ್ದೆ ಬನ್ನಿ. ಇಲ್ಲಾಂದ್ರೆ ಪಾವಗಡಕ್ಕೆ ಹೋಗಿ, ಅಲ್ಲೇ ಇದ್ಬಿಡಿ."

ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಮೊದಲ ಸಲ ಫ್ಯಾನಿನ ಕಡೆ ನೋಡದೆ ಅವಳನ್ನೇ ನೋಡಿದ.

"ಪಾವಗಡದಿಂದಾನೂ ಬಸ್ಸಿದೆ ಕಣ್ರೀ. ಭಾನುವಾರ ಯಾವ ಮದುವೇನೂ ಒಪ್ಕೊಂಡಿಲ್ಲ. ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಉಪ್ಪಿಟ್ಟು ಮಾಡಲ್ಲ ನಾನು."

"ಬ್ಯಾಡ ಬುಡಿ. ಟೀ ಕೊಡಿ, ಸಾಕು."

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಶಂಕರಲಿಂಗಪ್ಪ ವಾಪಸು ಬಂದ. "ಆಯ್ತೇನಮ್ಮ? ಏನಾಗಿತ್ತು ಅದಕ್ಕೆ?"

ಶಶಿರೇಖಾ ರಾಜುವಿನ ಕಡೆ ನೋಡಿದಳು.

"ಇಬ್ಬರದೂ ತಪ್ಪಿತ್ತು ಸಾರ್," ಅಂದಳು. "ಇವತ್ತು ಸರಿಹೋಯ್ತು."