ಮಿಂಚುಳ್ಳಿ ಕಾರ್ಡಿನ ತೂತುಗಳು

ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ದಿನ ಅಲ್ಲೂ ನಿಲ್ಲಲಿಲ್ಲ. ಚಿಕ್ಕಮ್ಮನ ಕಣ್ಣು ಪರೀಕ್ಷೆ ಮಾಡಿಸಲೆಂದು ಕನ್ನಡಕದಂಗಡಿಗೆ ಬಂದವಳು, ಮೇಜಿನ ಮೇಲೆ ಲೆನ್ಸುಗಳ ನಡುವೆ ತಾನೇ ಹೊಲಿದುಕೊಟ್ಟ ಕಾರ್ಡು ಬಿದ್ದಿರುವುದನ್ನು ಕಂಡಳು. ಅರ್ಧ ಕಾರ್ಡಿನ ತುಂಬ ಸೂಜಿಯಿಂದ ಚುಚ್ಚಿದ ತೂತುಗಳು.

"ಏನ್ರೀ ಇದು?"

ಚಿಕ್ಕಮ್ಮನ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸುತ್ತಿದ್ದ ಕನ್ನಡಕದವನು ಬೆಚ್ಚಿದ. "ಅದು... ಇನ್ನೂ ಮುಗಿದಿಲ್ಲ."

"ಮುಗಿದಿಲ್ವಾ? ಹಾಳು ಮಾಡೋಕೆ ಇನ್ನೇನು ಬಾಕಿ ಇದೆ ಇದ್ರಲ್ಲಿ?"

ಅವಳು ಟೈಲರು. ಭಾನುವಾರ ಬೆಳಿಗ್ಗೆ ಕೆರೆ ದಡದಲ್ಲಿ ಹಕ್ಕಿ ನೋಡುವ ಗುಂಪಿನಲ್ಲಿ ಅವಳೂ ಒಬ್ಬಳು, ಅವನೂ ಒಬ್ಬ. ಚಳಿಗಾಲದಲ್ಲಿ ಅದೇ ದಡದಲ್ಲಿ ಜಾರಿ ಬಿದ್ದು ಅವಳ ಕಾಲು ಮುರಿದಾಗ, ಅವಳ ಅಂಗಡಿಗೆ ಬೀಗ ಬೀಳದಂತೆ ನೋಡಿಕೊಂಡವರು ಆ ಸ್ನೇಹಿತರೇ. ಒಬ್ಬರು ಆಸ್ಪತ್ರೆಗೆ ಓಡಾಡಿದರು, ಒಬ್ಬರು ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸಿದರು. ಇವನು, ಕಾಲಿನಿಂದ ತುಳಿಯುವ ಕಷ್ಟವೇ ಬೇಡವೆಂದು, ಅವಳ ಮೆಷಿನ್ನಿಗೆ ಮೋಟರು ಕೂರಿಸಿಕೊಟ್ಟ.

ಕಾಲು ನೆಟ್ಟಗಾದ ಮೇಲೆ ಅವಳು ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಕಾರ್ಡು ಹೊಲಿದಳು. ದಪ್ಪ ಕಾಗದಕ್ಕೆ ಮೊದಲು ಸೂಜಿಯಿಂದ ಸಾಲಾಗಿ ತೂತು, ಆಮೇಲೆ ಬಣ್ಣದ ದಾರ. ಯಾರಿಗೆ ಯಾವ ಹಕ್ಕಿ ಇಷ್ಟವೋ ಅವರಿಗೆ ಆ ಹಕ್ಕಿ. ಇವನಿಗೆ ಮಿಂಚುಳ್ಳಿ. ಅದರ ನೀಲಿ ಸರಿಬಾರದೆ ಬಿಚ್ಚಿ ಬಿಚ್ಚಿ ಹೊಲಿದಿದ್ದಳು. ಕೊಂಬೆಯ ಒಂದು ತುದಿಯಲ್ಲಿ ಅದನ್ನು ಒಂಟಿಯಾಗಿ ಕೂರಿಸಿ, ಉಳಿದರ್ಧ ಖಾಲಿ ಬಿಟ್ಟಿದ್ದಳು.

ಯಾಕೆ ಖಾಲಿ ಬಿಟ್ಟಿರಿ ಎಂದು ಅವನು ಕೇಳಬಹುದೆಂದು ಕಾದಳು. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದಳು. ಮಹಾರಾಯ "ಥ್ಯಾಂಕ್ಸ್" ಎಂದು ಜೇಬಿಗಿಟ್ಟುಕೊಂಡು ಹೋದ! ಅಂದಿನಿಂದ ಅವಳು ಒಳಗೊಳಗೇ ಕುದಿಯುತ್ತಿದ್ದಳು. ಈಗ ನೋಡಿದರೆ ಈ ಅವಸ್ಥೆ.

"ಇಷ್ಟ ಆಗದಿದ್ರೆ ವಾಪಸ್ ಕೊಡ್ಬೇಕಿತ್ತು. ಚುಚ್ಚಿ ಚುಚ್ಚಿ ಸಾಯಿಸ್ಬೇಕಿತ್ತಾ?"

"ಇಷ್ಟ ಆಗ್ಲಿಲ್ಲ ಅಂತ ಯಾರು ಹೇಳಿದ್ದು?"

"ಹೇಳೋದೇನು, ಕಣ್ಣೆದುರಿಗೇ ಇದೆಯಲ್ಲ! ಬಟ್ಟೆ ಆಗಿದ್ರೆ ನೀರು ಚಿಮುಕಿಸಿ ಉಜ್ಜಿದ್ರೆ ತೂತು ಮುಚ್ಚುತ್ತೆ. ಕಾಗದಕ್ಕೆ ಒಂದ್ಸಲ ಸೂಜಿ ಬಿತ್ತು ಅಂದ್ರೆ ಬಿತ್ತು. ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಗೊತ್ತು," ಎಂದ ಅವನು. ಕಿವಿ ಕೆಂಪಾಗಿತ್ತು. "ಅದಕ್ಕೇ ಇಷ್ಟು ದಿನ ಯೋಚನೆ ಮಾಡಿ ಚುಚ್ಚಿದ್ದು."

"ಆಹಾ, ಯೋಚನೆ ಬೇರೆ! ನೋಡಿ ಚಿಕ್ಕಮ್ಮ, ನೀವೇ ನೋಡಿ ಇವರು ಮಾಡಿರೋ ಘನಕಾರ್ಯನ!" ಅವಳು ಕಾರ್ಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಕಣ್ಣೆಲ್ಲ ಅವನ ಮೇಲೇ ಇತ್ತು, ಸುಟ್ಟುಬಿಡುವ ಹಾಗೆ.

ಒಂದು ಕಣ್ಣಿಗೆ ಲೆನ್ಸು, ಇನ್ನೊಂದಕ್ಕೆ ಕಪ್ಪು ಮುಚ್ಚಳ ಹಾಕಿಕೊಂಡು ಕೂತಿದ್ದ ಚಿಕ್ಕಮ್ಮ ಕತ್ತು ಮುಂದೆ ಚಾಚಿದರು. "ಚೆನ್ನಾಗಿದೆಯಲ್ಲೇ! ಎರಡು ಹಕ್ಕಿ."

"ಎರಡೆಲ್ಲಿ? ಒಂದೇ ನಾನು ಹೊಲಿದಿದ್ದು."

"ಒಂಟಿ ಕಣ್ಣಲ್ಲಿ ನನಗೇ ಕಾಣ್ತಿದೆ, ನಿನಗೇನೇ ಬಂದಿದೆ ರೋಗ?"

ಅವಳು ತಿರುಗಿ ನೋಡಿದಳು. ಖಾಲಿ ಬಿಟ್ಟಿದ್ದ ಕೊಂಬೆಯ ಮೇಲೆ, ತೂತುಗಳಿಂದ ತೂರಿ ಬಂದ ಬೆಳಕಿನಲ್ಲಿ, ಇನ್ನೊಂದು ಮಿಂಚುಳ್ಳಿ ಕೂತಿತ್ತು. ತಲೆ ಸ್ವಲ್ಪ ದಪ್ಪ, ಬಾಲ ಸೊಟ್ಟ. ಆದರೂ ಅದು ಅವಳ ಹಕ್ಕಿಯನ್ನೇ ನೋಡುತ್ತಿತ್ತು.

"ಮೊದಲು ತೂತು, ಆಮೇಲೆ ದಾರ ಅಂತ ನೀವೇ ತಾನೇ ಹೇಳಿದ್ದು," ಎಂದ ಅವನು ಮೆಲ್ಲಗೆ. "ಆ ಜಾಗ ನಾನು ತುಂಬಲಿ ಅಂತ ಬಿಟ್ಟಿದ್ದೀರೋ ಏನೋ ಗೊತ್ತಾಗ್ಲಿಲ್ಲ. ಕೇಳೋಕೆ ಧೈರ್ಯ ಬರ್ಲಿಲ್ಲ. ನೀವು ಹೊಲಿದಿರೋದು ಗಂಡು, ಕೊಕ್ಕೆಲ್ಲ ಕಪ್ಪು. ಅದು ನಾನು. ಪಕ್ಕದಲ್ಲಿ ನೀವಿದ್ರೆ... ನೀವಿರಬೇಕು ಅಂತ ನನ್ನಾಸೆ."

ಅವಳಿಗೆ ಅದಕ್ಕೂ ಸಿಟ್ಟೇ ಬಂತು.

"ಬಾಯಲ್ಲಿ ಹೇಳೋಕೆ ಏನಾಗಿತ್ತು? ಒಂದು ಮಾತು! ಇಷ್ಟು ದಿನ ನಾನು ಒಬ್ಬಳೇ ಬೆಂದಿದ್ದೀನಿ, ಗೊತ್ತಾ?"

"ನೀವೂ ಹೇಳ್ಲಿಲ್ವಲ್ಲ."

"ಅರ್ಧ ಕೊಂಬೆ ಖಾಲಿ ಬಿಟ್ಟೆನಲ್ರೀ! ಇನ್ನು ಹೇಗೆ ಹೇಳೋದು? ಡಂಗುರ ಸಾರಿಸ್ಬೇಕಿತ್ತಾ?"

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. "ಹೆಣ್ಣು ಮಿಂಚುಳ್ಳಿಗೆ ಕೆಳಗಿನ ಕೊಕ್ಕು ಯಾವ ಬಣ್ಣ?" ಎಂದು ಗದರಿದಳು.

"ಕಿತ್ತಳೆ."

"ದಾರ ಇದೆಯಾ?"

"ಇಲ್ಲ... ಇನ್ನೂ ತಂದಿಲ್ಲ."

ಅವಳು ಕೈಚೀಲದೊಳಗೆ ಕೈ ಹಾಕಿ, ಕೊಂಬೆ ಖಾಲಿ ಬಿಟ್ಟ ದಿನದಿಂದಲೂ ಅಲ್ಲೇ ಇದ್ದ ಕಿತ್ತಳೆ ದಾರದ ಉಂಡೆ ತೆಗೆದು ಮೇಜಿನ ಮೇಲೆ ಕುಕ್ಕಿದಳು.

ಅವನು ಉಂಡೆಯನ್ನು ನೋಡಿದ, ಅವಳನ್ನು ನೋಡಿದ. "ಇದು ಮೊದಲಿಂದಲೂ..."

"ಮಾತಾಡ್ಬೇಡಿ. ಸೂಜಿಗೆ ದಾರ ಪೋಣಿಸಿ," ಎಂದು ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.