ಶೀನಪ್ಪನ ನಲವತ್ತು ಬಾಟಲಿ

ಪ್ರೇಮನಾಥನನ್ನು ಕೊಲ್ಲುವ ಯೋಚನೆ ಶೀನಪ್ಪನಿಗೆ ಒಂದು ದಿನವೂ ಬಂದಿರಲಿಲ್ಲ. ಸತ್ತವನಿಗೆ ಏನು ಗೊತ್ತಾಗುತ್ತದೆ? ಅವನು ಬದುಕಿಯೇ ಇರಬೇಕು. ತನ್ನ ಬಾಗಿಲಿಗೆ ಬೇರೆಯವರು ಬೀಗ ಜಡಿಯುವುದನ್ನು ಕಣ್ಣಾರೆ ನೋಡಬೇಕು, ಶೀನಪ್ಪ ನೋಡಿದ ಹಾಗೆ.

ಕೋಡಿಂಬಾಳದ ರಸ್ತೆ ಬದಿಯಲ್ಲಿ ಇಪ್ಪತ್ತೆರಡು ವರ್ಷ ಶೀನಪ್ಪನ ಗುಜರಿ ಶೆಡ್ಡಿತ್ತು. ಸುಬ್ರಹ್ಮಣ್ಯಕ್ಕೆ ಬಂದ ಭಕ್ತರು ಕುಡಿದು ಬಿಟ್ಟ ನೀರಿನ ಬಾಟಲಿಗಳೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದವು. ಪ್ರೇಮನಾಥ ಅವನ ಪಿಕಪ್ ಓಡಿಸುತ್ತಿದ್ದವನು, ಶೀನಪ್ಪನ ಹೆಂಡತಿ ಊರ್ಮಿಳಾ ಬಡಿಸಿದ ಗಂಜಿ ಉಂಡವನು. ಹೀಗಿರುವಾಗ ಕಾನೂನು ಬಂತು. ಬಾಟಲಿ ಮಾರಿದ ಕಂಪೆನಿಯೇ ಅದನ್ನು ವಾಪಸು ತರಿಸಿಕೊಳ್ಳಬೇಕು, ಹೊಸ ಬಾಟಲಿಯಲ್ಲಿ ಹಳೆಯದರ ಪಾಲೂ ಇರಬೇಕು, ಆ ಕೆಲಸವನ್ನು ನೋಂದಣಿಯಾದವರೇ ಮಾಡಬೇಕು. ಒಳ್ಳೆಯದೇ ಅಂತ ಶೀನಪ್ಪನಿಗೂ ಅನಿಸಿತ್ತು; ಹೊಳೆಗೆ ಬೀಳುವುದಾದರೂ ತಪ್ಪಿತಲ್ಲ. ಆದರೆ ಕಂಪ್ಯೂಟರಿನ ಅರ್ಜಿ ಅವನಿಗೆ ತಿಳಿಯದು.

“ಕಾಗದ ಎಲ್ಲ ನನ್ನತ್ರ ಕೊಡಿ ಅಣ್ಣಾ, ನಾನು ಮಾಡಿಸ್ತೇನೆ” ಎಂದ ಪ್ರೇಮನಾಥ, ಮಾಡಿಸಿದ. ತನ್ನ ಹೆಸರಿಗೆ. ಸುಳ್ಯದ ಹತ್ತಿರ ಬಾಟಲಿ ಪುಡಿ ಮಾಡುವ ಯಂತ್ರ ಕೂರಿಸಿದ. ಮರುತಿಂಗಳೇ ಕೋಡಿಂಬಾಳದ ಶೆಡ್ಡಿಗೆ ನೋಂದಣಿಯಿಲ್ಲವೆಂದು ದೂರು ಹೋಯಿತು, ಬೀಗ ಬಿತ್ತು. ದೂರಿನ ಕೆಳಗೆ ಇದ್ದದ್ದು ಪ್ರೇಮನಾಥನ ಸಹಿ.

ಸುಬ್ರಹ್ಮಣ್ಯದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾದಾಗ ಅವನೇ ಮಾತಾಡಿಸಿದ. “ಎಂತ ಅಣ್ಣಾ, ಈಗ ಆರಾಮಲ್ವಾ? ದರ್ಶನ ಮಾಡಿಕೊಂಡು ಇರಿ ಮಾರಾಯ್ರೆ. ಗುಜರಿ ಇನ್ನು ಕಲಿತವರಿಗೆ.”

“ಹೌದು ಹೌದು” ಎಂದು ಶೀನಪ್ಪ ನಕ್ಕ. ಅವನನ್ನು ಮೇಲೆ ತಂದ ಕಾನೂನಿನಿಂದಲೇ ಅವನನ್ನು ಕೆಳಗಿಳಿಸಬೇಕು ಎಂದು ಆ ಕ್ಷಣವೇ ತೀರ್ಮಾನವಾಗಿತ್ತು.

ಹಳೆಯ ಬಾಟಲಿಯಿಂದ ಆಗುವ ಹೊಸ ಬಾಟಲಿಗೆ ಕುಡಿಯುವ ನೀರು ತುಂಬುತ್ತಾರೆ. ಹಾಗಾಗಿ ವಿಷದ ಬಾಟಲಿ ಆ ರಾಶಿಗೆ ಸೇರಲೇಬಾರದು. ಒಂದು ಸಿಕ್ಕಿದರೆ ಕೈತಪ್ಪು ಎನ್ನಬಹುದು. ನಲವತ್ತು ಸಿಕ್ಕಿದರೆ ಯಾವ ದೇವರೂ ನೋಂದಣಿ ಉಳಿಸಲಾರ. ರಬ್ಬರ್ ತೋಟಗಳ ಬೇಲಿಯ ಬುಡದಲ್ಲಿ ಕಳೆನಾಶಕದ ಬಾಟಲಿಗಳು ಬಿದ್ದಿರುತ್ತವೆ, ಯಾರೂ ಕೇಳುವವರಿಲ್ಲ. ಒಂದೊಂದು ತೋಟದಿಂದ ಎರಡೆರಡು ಹೆಕ್ಕಿದ. ಕೈಗವಸು ತೊಟ್ಟು, ಬಿಸಿನೀರಿನಲ್ಲಿ ಅದ್ದಿ ಚೀಟಿ ಬಿಡಿಸಿದ. ಅಡಿಯ ನಂಬರು ಕೆರೆದ. ಒಳಗೆ ಒಂದು ಚಮಚದಷ್ಟು ವಿಷ ಉಳಿಸಿ, ಬೇರೆ ಬಾಟಲಿಗಳ ನಡುವೆ ಹುದುಗುವಂತೆ ಸಣ್ಣದು ಮಾಡಿ ಮುಚ್ಚಳ ಬಿಗಿದ.

ಮಂಗಳವಾರದ ದರ್ಶನ ಅವನಿಗೆ ಹೊಸತಲ್ಲ. ಚೀಲದ ಮೇಲೆ ತೆಂಗಿನಕಾಯಿ, ಬಾಳೆಹಣ್ಣು. ಕೆಳಗೆ ಎಂಟು ಬಾಟಲಿ. ಮೊದಲು ಶೀನಪ್ಪನ ಶೆಡ್ಡಿಗೇ ತಂದು ಕೊಡುತ್ತಿದ್ದ ಪಾತುಮ್ಮ ಲಾಡ್ಜುಗಳ ಹಿಂದೆ ಬಾಟಲಿ ಹೆಕ್ಕಿ ಗೋಣಿ ತುಂಬಿಸಿ, ಪ್ರೇಮನಾಥನ ವಾಹನ ಬರುವವರೆಗೆ ಚಹಾ ಕುಡಿಯಲು ಹೋಗುತ್ತಿದ್ದಳು. ಅಷ್ಟು ಹೊತ್ತು ಸಾಕು. ಅವಳಿಗೆ ತೊಂದರೆಯಾದೀತೇ ಎಂದೂ ಯೋಚಿಸಿದ್ದ. ಇಲ್ಲ, ಹೆಕ್ಕುವವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ಐದು ಮಂಗಳವಾರ ಗರ್ಭಗುಡಿಯ ಎದುರು ಕೈಮುಗಿದು ನಿಂತ, ಏನನ್ನೂ ಬೇಡಲಿಲ್ಲ. ನ್ಯಾಯಕ್ಕೂ ಹರಕೆ ಹೊರಬೇಕೇ?

ನೀರಿನ ಕಂಪೆನಿಯಿಂದ ತಿಂಗಳಿಗೊಮ್ಮೆ ನವ್ಯಾ ಎಂಬ ಹುಡುಗಿ ಬಂದು ರಾಶಿ ಪರೀಕ್ಷಿಸುತ್ತಾಳೆ, ಅಲ್ಲಿಯವರೆಗೆ ಗೋಣಿ ಬಿಚ್ಚುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಬರುವ ದಿನ ಹಳೆಯ ತಕ್ಕಡಿ ಬೇಕಾ ಎಂದು ಕೇಳುವ ನೆವದಲ್ಲಿ ಸುಳ್ಯಕ್ಕೆ ಹೋದ. ಪ್ರೇಮನಾಥನ ಮುಖವನ್ನು ನೋಡದಿದ್ದರೆ ಮಾಡಿದ್ದೆಲ್ಲ ಅರ್ಧವೇ. ವಾಹನದ ಜೊತೆಗೇ ಬಂದಿದ್ದ ಪಾತುಮ್ಮ ಪಿಕಪ್ಪಿನಿಂದ ಗೋಣಿ ಇಳಿಸುತ್ತಿದ್ದಳು. “ಬಿಸಿಲಲ್ಲಿ ಬಂದಿದ್ದೀರಿ, ಕುಡಿಯಿರಿ” ಎಂದು ಪ್ರೇಮನಾಥ ಒಂದು ಬಾಟಲಿ ನೀರು ಕೊಟ್ಟ.

ನವ್ಯಾ ಮೂರನೆಯ ಗೋಣಿ ಸುರಿದವಳು ಮೂಗು ಮುಚ್ಚಿಕೊಂಡಳು. ಒಂದು, ಎರಡು, ಏಳು. ನೆಲದಲ್ಲಿ ಸಾಲಾಗಿ ಇಟ್ಟಳು. “ಸರ್, ಇದು ವಿಷದ್ದು. ನಾನು ರಿಪೋರ್ಟ್ ಮಾಡ್ಲೇಬೇಕು. ನಿಮ್ಮ ರಿಜಿಸ್ಟ್ರೇಷನ್ ಉಳಿಯುದಿಲ್ಲ.”

ಪ್ರೇಮನಾಥನ ಮುಖ ಬಿಳಿಚಿಕೊಂಡಿತು. ಶೀನಪ್ಪ ಗುಟುಕು ಗುಟುಕಾಗಿ ನೀರನ್ನೆಲ್ಲ ಕುಡಿದು ಮುಗಿಸಿದ. ಇಷ್ಟು ಸಿಹಿಯಾದ ನೀರನ್ನು ಅವನು ಕುಡಿದದ್ದೇ ಇಲ್ಲ.

“ನಿನ್ನ ಗೋಣಿ ಅಲ್ವಾ ಇದು? ಎಂತ ಹಾಕಿದ್ದಿ ಮಾರಾಯ್ತಿ!” ಪ್ರೇಮನಾಥ ಕಿರುಚಿದ.

ಪಾತುಮ್ಮ ಕುಕ್ಕುರುಗಾಲಲ್ಲಿ ಕೂತು ಒಂದನ್ನು ತಿರುಗಿಸಿ ನೋಡಿದಳು. “ಬೊಬ್ಬೆ ಹಾಕ್ಬೇಡಿ. ನಾನು ಚಪ್ಪಲಿಯಲ್ಲಿ ತುಳಿದು ಚಪ್ಪಟೆ ಮಾಡುದು. ಊರಲ್ಲಿ ಎಲ್ಲರೂ ತುಳಿಯುದೇ. ಇದನ್ನು ನೋಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದ್ದಾರೆ. ಹೀಗೆ ಮಾಡುದು ಒಬ್ರೇ ಅಲ್ವಾ?”

ಭಕ್ತರು ತೀರ್ಥ ತುಂಬಿಸಿ ಒಯ್ಯುವುದೂ ಇಂಥದೇ ಬಾಟಲಿಯಲ್ಲಿ. ಯಾವುದರಲ್ಲಿ ತೀರ್ಥವಿತ್ತೋ ಯಾರು ಬಲ್ಲರು ಎಂದು, ಇಪ್ಪತ್ತೆರಡು ವರ್ಷದಲ್ಲಿ ಶೀನಪ್ಪ ಒಂದಕ್ಕೂ ಕಾಲು ಸೋಕಿಸಿದವನಲ್ಲ. ಎರಡೂ ಕೈಯಲ್ಲಿ ಹಿಡಿದು, ಗಾಳಿ ಹೋಗುವವರೆಗೆ ಹಿಂಡಿ, ಮುಚ್ಚಳ ತಿರುಗಿಸುವುದು ಅವನ ರೂಢಿ. ವಿಷದ ಬಾಟಲಿಗೂ ಕೈ ಅದೇ ಮರ್ಯಾದೆ ಕೊಟ್ಟಿತ್ತು. ಪ್ರೇಮನಾಥ, ನವ್ಯಾ, ಪಾತುಮ್ಮ ಮೂವರೂ ತನ್ನ ಮುಖವನ್ನಲ್ಲ, ಇನ್ನೂ ಕೆಳಗೆ ಏನನ್ನೋ ನೋಡುತ್ತಿದ್ದಾರೆಂದು ಶೀನಪ್ಪನಿಗೆ ತಿಳಿಯಿತು. ಅವನೂ ತಲೆ ತಗ್ಗಿಸಿದ. ಪ್ರೇಮನಾಥ ಕೊಟ್ಟ ಬಾಟಲಿ ಅವನ ಕೈಯಲ್ಲಿ ಹಗ್ಗದಂತೆ ಹಿಂಡಿಹೋಗಿತ್ತು, ಹೆಬ್ಬೆರಳು ಮುಚ್ಚಳದ ಕೊನೆಯ ಸುತ್ತು ಬಿಗಿಯುತ್ತಿತ್ತು.