ಕಲಾಶಾಲೆಗೆ ಗಚ್ಚು ಹಾಕಿದ ಕೆಂಚಾಂಬೆ

ಬಹಳ ಹಿಂದೆ, ನವಿಲುಗಳು ಕೋಟೆ ಕಾಯುತ್ತಿದ್ದ ಮಂಜುಳಾವತಿ ಎಂಬ ರಾಜ್ಯದಲ್ಲಿ, ಊರಿನವರೆಲ್ಲ ಸೇರಿ ನಡೆಸುತ್ತಿದ್ದ ಒಂದು ಕಲಾಶಾಲೆ ಇತ್ತು. ಅಗಸರ ಮಕ್ಕಳೂ ಅರಸುಮಕ್ಕಳೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಹಾಡು ಕಲಿಯುತ್ತಿದ್ದರು. ಒಂದು ಬಿರುಗಾಳಿಗೆ ಅದರ ಮಾಳಿಗೆ ಕಿತ್ತುಹೋಗಿ ತೊಲೆಗಳಷ್ಟೇ ಉಳಿದವು. ಸೂರಿಲ್ಲದ ಕಟ್ಟಡ ಮೂರು ದಿನಗಳಲ್ಲಿ ದುರಸ್ತಿಯಾಗದಿದ್ದರೆ ಮಾಂತ್ರಿಕ ಜಂಭಲನಿಗೆ ಸೇರಬೇಕೆಂಬುದು ಆ ರಾಜ್ಯದ ಕಟ್ಟಳೆ. ಸಂಗೀತವೆಂದರೆ ಜಂಭಲನಿಗೆ ತಲೆನೋವು. ಅಲ್ಲಿ ಬಾವಲಿ ಸಾಕುವುದು ಅವನ ಆಸೆ.

ಗಾರೆ ಕೆಲಸದ ಕೆಂಚಾಂಬೆ ಮುಂದೆ ಬಂದು, "ಮಾಳಿಗೆಗೆ ನಾನು ಗಚ್ಚು ಹಾಕುತ್ತೇನೆ" ಎಂದಳು.

"ಸೋತರೆ?" ಎಂದ ಜಂಭಲ.

"ಜೀವಮಾನವೆಲ್ಲ ನಿನ್ನ ಗುಹೆಗೆ ಸುಣ್ಣ ಬಳಿಯುತ್ತೇನೆ."

ಮೊದಲನೆಯ ದಿನ ಅವಳು ಸುಣ್ಣಕ್ಕೆ ಹೋದಳು. ಸುಣ್ಣದ ಗೂಡಿನ ಬಾಗಿಲಿಗೆ ಅಡ್ಡವಾಗಿ ಜಂಭಲನ ಕಲ್ಲುಹುಲಿ ಮಲಗಿತ್ತು.

"ಹುಲಿಯಣ್ಣ, ನಿನ್ನ ಬೆನ್ನಿನಲ್ಲಿ ಬಿರುಕು ಬಿಟ್ಟಿದೆಯಲ್ಲ!"

"ನೂರು ವರ್ಷದಿಂದ ತುರಿಸುತ್ತಿದೆ ತಂಗೀ. ನನ್ನ ಪಂಜ ಎಟುಕುವುದಿಲ್ಲ."

ಅವಳು ತನ್ನ ಬುಟ್ಟಿಯಲ್ಲಿ ಉಳಿದಿದ್ದ ಗಾರೆಯನ್ನು ಬಿರುಕಿಗೆ ಮೆತ್ತಿ ನಯಗೊಳಿಸಿದಳು. ಹುಲಿ ಮೈಮುರಿದು ದಾರಿ ಬಿಟ್ಟಿತು.

ಎರಡನೆಯ ದಿನ ಅವಳ ಆಳುಗಳು ತೊಲೆಗಳ ಮೇಲೆ ಇಟ್ಟಿಗೆ ಹಾಸಿದರು. ಗಾರೆಗೆ ಬೆರೆಸಲು ಇಟ್ಟಿದ್ದ ಬೆಲ್ಲದ ನೀರಿನ ಕೊಪ್ಪರಿಗೆಯನ್ನು ಮಾತ್ರ ಜಂಭಲನ ಮಾಯಾಕರಡಿಯೊಂದು ತಬ್ಬಿ ಕುಳಿತಿತ್ತು.

"ಮಾಳಿಗೆಗೆ ಬೆಲ್ಲ ತಿನ್ನಿಸುವ ಹುಚ್ಚಿ ನೀನೇ ಏನು?" ಎಂದಿತು ಕರಡಿ.

"ನೀನೇ ತಿನ್ನಪ್ಪ" ಎನ್ನುತ್ತ ಕೆಂಚಾಂಬೆ ಕಲಸಿದ ಗಾರೆಯನ್ನೇ ಒಂದು ಕರಣೆ ತುಂಬ ನೀಡಿದಳು. ಒಂದೇ ಸಲ ನೆಕ್ಕಿದ ಕರಡಿ ಸುಣ್ಣಕ್ಕೆ ಸುಟ್ಟ ನಾಲಗೆ ಚಾಚಿಕೊಂಡು ಹೊಳೆಗೆ ಓಡಿತು.

ಮೂರನೆಯ ದಿನ ಮಾಳಿಗೆಯ ಮೇಲೆ ಆ ಗಾರೆಯ ಗಚ್ಚು ಹರಡಿಯಾಯಿತು. ಒಣಗುವ ಮೊದಲು ಎಲ್ಲರೂ ಮರದ ಕೊಡತಿ ಹಿಡಿದು ಒಂದೇ ಲಯದಲ್ಲಿ ಬಡಿಯಬೇಕು. ಲಯ ತಪ್ಪಿದರೆ ಬಿರುಕು. ಶಾಲೆಯ ಶಿಷ್ಯರು ನೆರವಿಗೆ ಬಂದಾಗ ಕೆಂಚಾಂಬೆ, "ಇದು ಕುಣಿತವಲ್ಲ, ಕೆಲಸ" ಎಂದು ಹಿಂದಕ್ಕೆ ಕಳುಹಿಸಿದಳು. ಅಷ್ಟರಲ್ಲಿ ಜಂಭಲ ಮಂತ್ರ ಜಪಿಸಿದ. ಆಳುಗಳ ಕೈಗಳು ಒಂದೊಂದು ದಿಕ್ಕು ಹಿಡಿದವು. ಗಚ್ಚು ಬಿರಿಯತೊಡಗಿತು.

ಕೆಂಚಾಂಬೆ ಇಳಿದು ಬಂದು ನಾಟ್ಯದ ಗುರು ವರದಾಂಬೆಯ ಮುಂದೆ ತಲೆ ತಗ್ಗಿಸಿದಳು. "ತಪ್ಪಾಯಿತಮ್ಮಾ. ಎಲ್ಲರ ಕೈಗೂ ಮಾಟವಾಗಿದೆ."

"ಕಾಲಿಗೆ ಆಗಿಲ್ಲವಲ್ಲ" ಎಂದರು ವರದಾಂಬೆ. "ಮಕ್ಕಳೇ, ಪಾದಕ್ಕೆ ಹಲಗೆ ಕಟ್ಟಿಕೊಳ್ಳಿ!"

ಶಿಷ್ಯರೆಲ್ಲ ಮಾಳಿಗೆ ಹತ್ತಿ, ಹಲಗೆಗಾಲಿನಿಂದ ಗಚ್ಚು ಬಡಿಯುತ್ತ ಕುಣಿದರು. ತಕ ಧಿಮಿ, ತಕ ಧಿಮಿ! ಬಿರುಕುಗಳು ಕೂಡಿಕೊಂಡವು. ಕೆಳಗೆ ಜಪಿಸುತ್ತಿದ್ದ ಜಂಭಲನ ತಲೆ ತಾನಾಗಿಯೇ ತೂಗಿತು. ಅವನ ಮಂತ್ರ ತಾಳಕ್ಕೆ ಸಿಕ್ಕಿ ಹಾಡಾಯಿತು. ಹಾಡಾದ ಮಂತ್ರಕ್ಕೆ ಮಾಟದ ಬಲ ಉಳಿಯಲಿಲ್ಲ. ಸೂರ್ಯ ಮುಳುಗುವಾಗ ಗಚ್ಚು ಕನ್ನಡಿಯಂತೆ ಹೊಳೆಯಿತು.

ಹಾಡು ನಿಲ್ಲಿಸಲಾರದೆ ನಿಂತಿದ್ದ ಜಂಭಲನನ್ನು ವರದಾಂಬೆ ದಿಟ್ಟಿಸಿ ನೋಡಿದರು.

"ಶ್ರುತಿ ಸರಿಯಿಲ್ಲ. ನಾಳೆ ಬೆಳಿಗ್ಗೆ ಬಂದು ಮೊದಲನೆಯ ಪಾಠಕ್ಕೆ ಕುಳಿತುಕೋ."

ಅವನು ಬಂದ. ಆ ಮಾಳಿಗೆಯ ಕೆಳಗೆ ಎಲ್ಲರೂ ಬಹುಕಾಲ ಸುಖವಾಗಿದ್ದರು, ಜಂಭಲನ ಪಕ್ಕದಲ್ಲಿ ಕುಳಿತು ಹಾಡಬೇಕಾದವರನ್ನು ಬಿಟ್ಟು.